ಹುಳು ಹಣ್ಣಾಗುವ ಮುಂಚೆ ಬಂದ ಭಾವ

ನಮ್ಮ ಅಕ್ಕನಂಥವರ ಜೊತೆ ಒಂದೇ ಸೂರಿನಡಿ ಇರುವುದು ಎಷ್ಟು ಕಷ್ಟ ಎಂಬುದು ಇದ್ದವರಿಗೇ ಗೊತ್ತು. ಅಳುವವರನ್ನು ಸಮಾಧಾನ ಮಾಡಬಹುದು. ಸಿಟ್ಟು ಮಾಡುವವರ ಎದುರು ನಾವೂ ಸಿಟ್ಟು ಮಾಡಬಹುದು. ಆದರೆ ಯಾರೂ ಆಗುತ್ತದೆ ಎಂದುಕೊಳ್ಳದ ಕೆಲಸ ಆಗೇ ಆಗುತ್ತದೆ ಎಂದು ನಂಬಿ, ಬೆಳಿಗ್ಗೆ ಎದ್ದು ಸೆರಗು ಸಿಕ್ಕಿಸಿ ಅದಕ್ಕೆ ತಯಾರಿ ಮಾಡುವವರನ್ನು ಏನು ಮಾಡುವುದು?

ಈ ವರ್ಷ ಪಾಸ್ಖ ಹಬ್ಬದ ದಿನ, ಅಂದರೆ ಯೇಸುಸ್ವಾಮಿ ಸತ್ತು ಎದ್ದ ಭಾನುವಾರ, ಊರಿನಲ್ಲಿ ಪೂಜೆ ಮುಗಿಸಿಕೊಂಡು ದೊಡ್ಡಬಳ್ಳಾಪುರದ ಅಕ್ಕನ ಮನೆಗೆ ಹೊರಟಿದ್ದೆ. ಸೂಲಿಬೆಲೆಯಲ್ಲಿ ಬಸ್ಸು ಹತ್ತಿದಾಗ ಕಿಟಕಿ ಪಕ್ಕ ಜಾಗ ಸಿಕ್ಕಿತ್ತು, ಮನಸ್ಸೂ ಹಗುರವಾಗಿತ್ತು. ವಿಜಯಪುರದಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆಗಳನ್ನು ತಂದು ನನ್ನ ಕಾಲಬುಡಕ್ಕೇ ತಳ್ಳಿದರು. ಒದ್ದೆ ಗೋಣಿಯೊಳಗೆ ಕಾವು ಹಿಡಿದ ಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ನಾನು ರೇಷ್ಮೆ ಹುಳು ಸಾಕುವುದನ್ನು ಬಿಟ್ಟು ಆರು ವರ್ಷವಾಯಿತು. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಸೊಪ್ಪಿಗೆ ನೀರು ಸಾಲದು ಎಂದು ಹೇಳುತ್ತೇನೆ. ಅದು ಸುಳ್ಳು. ಕಾರಣ ಏಳು ವರ್ಷದ ಹಿಂದಿನ ಒಂದು ಬೇಸಿಗೆಯಲ್ಲಿದೆ.

ಅದು ಪಾಕಿಸ್ತಾನದ ಯುದ್ಧ ಮುಗಿದ ಮರುವರ್ಷ. ಸೂಲಿಬೆಲೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಹತ್ತು ಹನ್ನೆರಡು ಕ್ರೈಸ್ತರ ಮನೆಗಳು, ಒಂದು ಹೆಂಚಿನ ಚರ್ಚು. ಊರಿನ ಮಿಕ್ಕವರ ಹಾಗೆ ನಾವೂ ರಾಗಿ ಬೆಳೆದು, ಹುಳು ಸಾಕಿ ಬದುಕುತ್ತಿದ್ದೆವು. ನನ್ನ ಹೆಸರು ಇನ್ನಾಸಪ್ಪ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ. ಅಕ್ಕ ಆರೋಗ್ಯಮ್ಮನಿಗೆ, ಎಲ್ಲರ ಬಾಯಲ್ಲಿ ಆರೋಗಿಗೆ, ಅದೂ ಇಲ್ಲ. ಅವಳನ್ನು ತೂಬಗೆರೆ ಕಡೆಯ ಜೋಜಪ್ಪ ಎಂಬುವವರಿಗೆ ಕೊಟ್ಟಿದ್ದೆವು. ಅವರದೂ ಹುಳು ಸಾಕುವ ಮನೆಯೇ. ಮದುವೆಯಾದ ಐದನೇ ವರ್ಷ ಒಂದು ದಿನ ಭಾವ ಒಲೆಯ ಮೇಲಿದ್ದ ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದರು. ಚರ್ಮ ಸುಟ್ಟು ಕಿತ್ತುಬಂದರೂ ಅವರಿಗೆ ಗೊತ್ತಾಗಲಿಲ್ಲ. ಡಾಕ್ಟರು ನೋಡಿ ಕುಷ್ಠ ಎಂದರು. ನಮ್ಮ ಕಡೆ ಆ ಹೆಸರು ಬಾಯಲ್ಲಿ ಹೇಳುವುದಿಲ್ಲ, ದೊಡ್ಡ ಕಾಯಿಲೆ ಅನ್ನುತ್ತಾರೆ. ಭಾವನನ್ನು ಬೆಂಗಳೂರಿನಾಚೆ ಕನ್ಯಾಸ್ತ್ರೀಯರು ನಡೆಸುವ ಆಸ್ಪತ್ರೆಗೆ ಸೇರಿಸಿದರು. ಅವರ ಅಣ್ಣತಮ್ಮಂದಿರು ಮನೆಗೆ ಬೀಗ ಜಡಿದರು. ಅಕ್ಕ ಒಂದು ಚಾಪೆ, ಒಂದು ಟ್ರಂಕು ಹಿಡಿದುಕೊಂಡು ನನ್ನ ಮನೆಗೆ ಬಂದಳು. ಅವರಿಗೆ ಮಕ್ಕಳಿರಲಿಲ್ಲ.

ಬಂಧುಗಳೆಲ್ಲ ಭಾವನನ್ನು ಮನಸ್ಸಿನಲ್ಲೇ ಮಣ್ಣು ಮಾಡಿಬಿಟ್ಟರು. ನಾನೂ ಮಾಡಿದೆ. ಅಕ್ಕ ಮಾತ್ರ ಬಂದ ವಾರದಲ್ಲೇ ಕೊಟ್ಟಿಗೆ ಪಕ್ಕದ ಸೌದೆ ಕೋಣೆ ಕೇಳಿದಳು. ಸೌದೆಯನ್ನೆಲ್ಲ ಹೊರಗೆ ಹಾಕಿ, ನೆಲ ಸಾರಿಸಿ, ಗೋಡೆಗೆ ಸುಣ್ಣ ಬಳಿದು, ಒಂದು ಮಂಚ ಇಟ್ಟಳು. ನಮ್ಮನೆಯವರಿಗೆ ಎಂದಳು. ಆ ವರ್ಷದ ಸೌದೆಯೆಲ್ಲ ಮಳೆಯಲ್ಲಿ ನೆನೆದು ನನ್ನ ಹೆಂಡತಿ ತೆರೇಜ ಮೂರು ತಿಂಗಳು ಹೊಗೆ ಕುಡಿದಳು. ಮಂಚದ ಮೇಲೆ ಯಾರೂ ಹೊದೆಯದ ಕಂಬಳಿ. ಅದನ್ನು ಅಕ್ಕ ತಪ್ಪದೆ ಬಿಸಿಲಿಗೆ ಹಾಕಿ, ಕೊಡವಿ, ಮತ್ತೆ ಮಡಿಸಿಡುತ್ತಿದ್ದಳು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಬರುವಾಗ ಒಂದೊಂದು ವಿದ್ಯೆ ಕಲಿತು ಬರುತ್ತಿದ್ದಳು. ಜೋಮು ಹಿಡಿದ ಪಾದವನ್ನು ದಿನಾ ಹೇಗೆ ತಿರುಗಿಸಿ ನೋಡಬೇಕು, ಗಾಯವಾಗಿದ್ದರೆ ಹೇಗೆ ಕಟ್ಟಬೇಕು, ಇಂಥವು. ಹೊಸಕೋಟೆಯಲ್ಲಿ ಚಪ್ಪಲಿ ಹೊಲಿಯುವವರ ಎದುರು ಅರ್ಧ ದಿನ ಕೂತು, ಟೈರಿನ ಅಟ್ಟೆಯ ಮೇಲೆ ಮೆತ್ತನೆ ರಬ್ಬರು ಕೂರಿಸಿ, ಒಂದೂ ಮೊಳೆ ಹೊಡೆಯದ ಹಾಗೆ ಬರೀ ಹೊಲಿಗೆಯಲ್ಲಿ ಒಂದು ಜೊತೆ ಮಾಡಿಸಿಕೊಂಡು ಬಂದಳು. ಮೊಳೆ ಚುಚ್ಚಿದರೆ ಆ ಕಾಲಿಗೆ ಗೊತ್ತಾಗುವುದಿಲ್ಲವಂತೆ.

ಇದನ್ನೆಲ್ಲ ಗುಟ್ಟಾಗಿ ಮಾಡಿದ್ದರೆ ನಾನು ಸಹಿಸುತ್ತಿದ್ದೆ. ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ, ಚರ್ಚಿನ ಬಾಗಿಲಲ್ಲಿ, ಈ ಪಾಸ್ಖಕ್ಕೆ ನಮ್ಮನೆಯವರು ಬರ್ತಾರೆ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಮೊದಲನೇ ಪಾಸ್ಖಕ್ಕೆ ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಅವಳ ಮುಖ ಬಾಡಲಿಲ್ಲ, ಪಾಸ್ಖ ಪ್ರತಿ ವರ್ಷ ಬರುತ್ತದಲ್ಲ ಎಂದಳು. ಮೂರನೇ ವರ್ಷಕ್ಕೆ ಊರಿನವರು ಅವಳನ್ನು ಬಿಟ್ಟು ನನ್ನನ್ನು ಹಿಡಿದುಕೊಂಡರು. ಏನಪ್ಪಾ ಇನ್ನಾಸಿ, ನಿಮ್ಮ ಭಾವ ಯಾವ ಪಾಸ್ಖಕ್ಕಪ್ಪಾ ಬರೋದು ಎಂದು ಚಹಾ ಅಂಗಡಿಯಲ್ಲಿ ಕೇಳಿ ನಗುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಹಿತ್ತಾಳೆ ಲೋಟಕ್ಕೆ ಹಳೇ ಪಂಚೆಯ ಬಟ್ಟೆಯನ್ನು ಎರಡು ಸುತ್ತು ಸುತ್ತಿ ಹೊಲಿಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಮೊದ್ಲು ಆತ ಬರೋದು ನಿಕ್ಕಿ ಆಗ್ಲಿ. ಲೋಟಕ್ಕೆ ಅಂಗಿ ಹೊಲಿಯೋದ ನೋಡಿದ್ರೆ ಜನ ಏನಂತಾರೆ?"

"ಬಿಸಿ ಲೋಟ ಅವರ ಕೈಗೆ ಗೊತ್ತಾಗಲ್ಲ ಕಣೋ. ಬಂದ ದಿನವೇ ಬೇಕಲ್ಲ, ಆಮೇಲೆ ಹೊಲಿಯಕ್ಕೆ ಆಗ್ತದಾ?"

ನಾನು ಗೊಣಗಿದೆ. ಅವಳು ದಾರ ಕಚ್ಚಿ ತುಂಡು ಮಾಡಿ, ನನ್ನ ಕಡೆ ನೋಡದೆ ಹೇಳಿದಳು.

"ಯೇಸುಸ್ವಾಮಿ ಸಮಾಧಿಗೆ ಹೆಂಗಸರು ಸುಗಂಧ ಹಿಡ್ಕೊಂಡು ಹೊರಟ್ರಲ್ಲ, ಬಾಗಿಲಿಗೆ ಎಷ್ಟು ದೊಡ್ಡ ಕಲ್ಲು ಇತ್ತು. ಅದನ್ನ ಯಾರು ಸರಿಸ್ತಾರೆ ಅಂತ ಅವರು ಮಾತಾಡ್ಕೊಂಡಿದ್ದು ದಾರೀಲಿ. ಮನೇಲಿ ಕೂತ್ಕೊಂಡು ಅಲ್ಲ."

ಆ ವಾಕ್ಯವನ್ನು ಚರ್ಚಿನಲ್ಲಿ ನಾನೂ ವರ್ಷವರ್ಷ ಕೇಳಿದ್ದೆ. ದಾರಿಯಲ್ಲಿ ಎಂಬುದು ನನ್ನ ಕಿವಿಗೆ ಬಿದ್ದಿರಲಿಲ್ಲ. ಓದು ಬರದವಳಿಗೆ ಇಂಥದ್ದು ಎಲ್ಲಿಂದ ಹೊಳೆಯುತ್ತದೋ. ಎದ್ದು ಸೊಪ್ಪು ಕುಯ್ಯಲು ಹೋದೆ.

ಈಗ ಹುಳುವಿನ ಮಾತು ಹೇಳಬೇಕು. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಪೊರೆ ಕಳಚಲು ಕೂರುತ್ತದೆ. ನಾವು ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಬಲು ನಾಜೂಕು. ಆಗಿನಿಂದ ಹುಳು ಹಣ್ಣಾಗಿ ಗೂಡಿಗೆ ಹತ್ತುವವರೆಗೆ ಹೊರಗಿನವರು ಅಂಗಳಕ್ಕೂ ಕಾಲಿಡುವಂತಿಲ್ಲ. ಯಾರ ಕಾಲಿನಿಂದ ಯಾವ ರೋಗ ಬಂದು ತಟ್ಟೆತಟ್ಟೆಯೇ ಕಪ್ಪಾಗುತ್ತದೋ ಹೇಳಲಾಗದು. ಮನೆ ಮಂತ್ರಿಸಲು ಬಂದ ಚರ್ಚಿನ ಸ್ವಾಮಿಗಳು ಕೂಡ ಬೇಲಿಯಾಚೆ ನಿಂತು, ಎಷ್ಟನೇ ಜ್ವರ ಎಂದು ಕೇಳಿ, ಅಲ್ಲಿಂದಲೇ ತೀರ್ಥ ಚಿಮುಕಿಸಿ ಹೋಗುತ್ತಿದ್ದರು. ಯಾರೂ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಕ್ಕನ ಕೈಗೆ ಹುಳು ಒಲಿದಿತ್ತು. ಜ್ವರದಿಂದ ಎದ್ದ ಹುಳುವಿಗೆ ಯಾವ ಹೊತ್ತಿಗೆ ಮೊದಲ ಸೊಪ್ಪು ಹಾಕಬೇಕು, ಯಾವ ತಟ್ಟೆಯನ್ನು ಗಾಳಿಗೆ ಸರಿಸಬೇಕು ಎಂಬುದು ಅವಳಿಗೆ ನೋಡಿದರೆ ಗೊತ್ತಾಗುತ್ತಿತ್ತು. ಅವಳು ಬಂದ ಮೇಲೆ ನನ್ನ ಒಂದು ಬೆಳೆಯೂ ಕೆಟ್ಟಿರಲಿಲ್ಲ. ಭಾವ ಬಂದರೆ ಇವಳು ಹೊರಟುಹೋಗುತ್ತಾಳೆ ಎಂಬ ಯೋಚನೆ ನನಗೆ ಯಾವಾಗ ಶುರುವಾಯಿತೋ ನೆನಪಿಲ್ಲ. ಶುರುವಾಗಿತ್ತು ಎಂಬುದು ನೆನಪಿದೆ. ಆ ತಿಂಗಳು ಹುಳು ಬಿಟ್ಟು ಹೋಗಬೇಡ ಎಂದು ಅವಳನ್ನು ಆಸ್ಪತ್ರೆಗೂ ಕಳಿಸಿರಲಿಲ್ಲ.

ಪಾಸ್ಖಕ್ಕೆ ನಾಲ್ಕು ದಿನ ಇದ್ದಾಗ ಟಪಾಲಿನವನು ದಾರಿಯಲ್ಲಿ ಸಿಕ್ಕಿ ಒಂದು ಕಾರ್ಡು ಕೊಟ್ಟ. ಆಸ್ಪತ್ರೆಯ ಸಿಸ್ಟರು ಬರೆದದ್ದು. ಅಕ್ಷರ ಕೂಡಿಸಿ ಕೂಡಿಸಿ ಮೂರು ಸಲ ಓದಿದೆ. ಜೋಜಪ್ಪನವರ ರೋಗ ವಾಸಿಯಾಗಿದೆ, ಯಾರಿಗೂ ಅಂಟುವುದಿಲ್ಲ, ಶನಿವಾರ ಬೆಳಿಗ್ಗೆ ಬಸ್ಸಿಗೆ ಹತ್ತಿಸುತ್ತೇವೆ, ಹೆಂಡತಿಗೆ ತಿಳಿಸಿ ಎಂದಿತ್ತು. ಹುಳು ಆಗ ನಾಲ್ಕನೇ ಜ್ವರಕ್ಕೆ ಕೂರುವುದರಲ್ಲಿತ್ತು. ಕಾರ್ಡನ್ನು ಅಂಗಿ ಜೇಬಿಗೆ ಇಟ್ಟುಕೊಂಡೆ. ಮನೆಯಲ್ಲಿ ಆರು ತಿಂಗಳ ಕೂಸಿದೆ, ತೆರೇಜ ಹೆದರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ತೆರೇಜಳನ್ನು ಕೇಳಲಿಲ್ಲ. ಹಬ್ಬಕ್ಕೆ ಮುಂಚೆ ಸ್ವಾಮಿಗಳ ಹತ್ತಿರ ಮಾಡುವ ಪಾಪನಿವೇದನೆಯನ್ನು ಹಿಂದಿನ ಭಾನುವಾರವೇ ಮುಗಿಸಿಬಿಟ್ಟಿದ್ದೆ. ಹೊಸ ಪಾಪಕ್ಕೆ ಜಾಗ ಖಾಲಿ ಇತ್ತು.

ಶನಿವಾರ ನಾನೇ ಸೂಲಿಬೆಲೆಗೆ ಹೋಗಿ ನಿಂತೆ. ಹತ್ತು ಗಂಟೆಯ ಬಸ್ಸಿನಿಂದ ಭಾವ ಇಳಿದರು. ಬಿಳಿ ಅಂಗಿ, ಗಂಜಿ ಹಾಕಿದ ಪಂಚೆ, ಕೈಯಲ್ಲಿ ತಗಡಿನ ಪೆಟ್ಟಿಗೆ. ಬಲಗೈಯ ಎರಡು ಬೆರಳು ಮಡಚಿಕೊಂಡಿದ್ದವು, ಅಷ್ಟೇ. ಮುಖ ಮೊದಲಿನದೇ. ನನ್ನನ್ನು ನೋಡಿ ನಕ್ಕು, ಡಾಕ್ಟರು ಕೊಟ್ಟ ಕಾಗದವನ್ನು ನಾನು ಕೇಳುವ ಮುಂಚೆ ಜೇಬಿನಿಂದ ತೆಗೆದರು. ಆ ಕಾಗದ ಕೈಗೆ ತೆಗೆದುಕೊಳ್ಳಲಿಲ್ಲ ನಾನು. ಭಾವ, ಮನೇಲಿ ಹುಳ ಇದೆ ಎಂದೆ.

ಅವರು ತಾವಾಗಿಯೇ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ಎಷ್ಟನೇ ಜ್ವರ?"

"ನಾಲ್ಕನೇದು."

"ಹಂಗಾದ್ರೆ ಬರಬಾರ್ದು ಬಿಡು," ಎಂದರು. ಹುಳು ಸಾಕಿದ ಮನುಷ್ಯ, ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪೆಟ್ಟಿಗೆ ಕೆಳಗಿಟ್ಟು ಕೇಳಿದರು: "ಆರೋಗಿಗೆ ಗೊತ್ತಾ, ನಾನು ಬರೋದು?"

ಗೊತ್ತಿಲ್ಲ ಎಂದಿದ್ದರೆ ಅವರು ಬೇಲಿಯಾಚೆಯಾದರೂ ನಿಂತು ಅವಳ ಮುಖ ನೋಡಿ ಹೋಗುತ್ತಿದ್ದರು. ಅದು ನನಗೆ ಹೊಳೆಯಿತು. ಹೊಳೆದದ್ದಕ್ಕೇ ಆ ಮಾತು ಬಂತು.

"ಗೊತ್ತು ಭಾವ. ಹುಳ ಹಣ್ಣಾಗೋವರ್ಗೂ ಬರೋದ್ ಬೇಡ ಅಂತ ಅವಳೇ ಹೇಳಿ ಕಳ್ಸಿದ್ಲು."

ಅವರು ತಲೆ ಆಡಿಸಿದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಅವಳು ಹೇಳಿದ್ರೆ ಸರಿಯಾಗೇ ಇರ್ತದೆ ಎಂದು ಅದೇ ಬಸ್ಸು ತಿರುಗಿಕೊಳ್ಳುವವರೆಗೆ ಬಿಸಿಲಲ್ಲಿ ನಿಂತಿದ್ದು, ಹತ್ತಿ ಹೋದರು. ಕೈಗೊಂದು ಸೋಡಾ ಕೂಡ ಕೊಡಿಸಲಿಲ್ಲ ನಾನು.

ಮರುದಿನ ಪಾಸ್ಖ. ಅಕ್ಕ ಮದುವೆ ಸೀರೆ ಉಟ್ಟುಕೊಂಡು, ಪೂಜೆ ಮುಗಿದು ಎಲ್ಲರೂ ಹೋದ ಮೇಲೂ ಚರ್ಚಿನ ಗೇಟಿನಲ್ಲಿ ನಿಂತಿದ್ದಳು. ನಾನು ದೂರದಿಂದ ನೋಡುತ್ತಿದ್ದೆ. ಅವಳು ಒಂದು ತೊಟ್ಟು ಕಣ್ಣೀರು ಹಾಕಿದ್ದರೂ ಓಡಿಹೋಗಿ ಹೇಳಿಬಿಡುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಇದೂ ನಾನು ಹುಡುಕಿಕೊಂಡ ನೆಪವೇ ಇರಬಹುದು. ಅವಳು ಅಳಲಿಲ್ಲ. ಮನೆಗೆ ಬಂದು ಹುಳುವಿಗೆ ಸೊಪ್ಪು ಹಾಕಿ, ಕೈ ತೊಳೆದು, ಊಟಕ್ಕೆ ಕೂತು ಹೇಳಿದಳು: ಹುಳ ಗೂಡಿಗೆ ಹತ್ತಿದ ಮಾರನೇ ದಿನ ನಾನೇ ಹೋಗಿ ಕರ್ಕೊಂಡ್ ಬರ್ತೀನಿ.

ಇವಳು ಹೋಗುತ್ತಾಳೆ, ಹೋದರೆ ಎಲ್ಲ ತಿಳಿಯುತ್ತದೆ. ಆ ಎಂಟು ದಿನ ನಾನು ಎಲ್ಲರ ಮೇಲೂ ಹರಿಹಾಯ್ದೆ. ಸೊಪ್ಪು ಒಣಗಿದೆ ಎಂದು ತೆರೇಜಳಿಗೆ ಬೈದೆ, ಕೂಸು ಅಳುತ್ತದೆ ಎಂದು ಕೂಸಿಗೂ ಬೈದೆ. ಅಕ್ಕ ಮಾತ್ರ ಕಂಬಳಿ ಕೊಡವುತ್ತಿದ್ದಳು.

ಒಂಬತ್ತನೇ ದಿನ ಬೆಳಿಗ್ಗೆ ಹುಳು ಹಣ್ಣಾಯಿತು. ಹಣ್ಣಾದ ಹುಳು ಹಳದಿಗೆ ತಿರುಗಿ, ಮೇವು ಬಿಟ್ಟು, ನೂಲು ಬಿಡಲು ತಲೆ ಆಡಿಸುತ್ತದೆ. ಒಂದೊಂದನ್ನೂ ಆರಿಸಿ ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಂಕಿಗೆ ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಮನೆಯವರೆಲ್ಲ ಊಟ ನಿದ್ದೆ ಬಿಟ್ಟು ದುಡಿಯುವ ದಿನ ಅದು. ಇಂಥ ಹೊತ್ತಿನಲ್ಲಿ ನಾನು ಬಾಯಿ ಬಿಟ್ಟೆ. ಪಶ್ಚಾತ್ತಾಪದಿಂದಲ್ಲ. ನಾಳೆ ಹೇಗಿದ್ದರೂ ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆಯಿಂದ. ಕಾರ್ಡು, ಬಸ್ಸು, ನಾನು ಆಡಿದ ಮಾತು, ತೆರೇಜ ಹೆದರುತ್ತಾಳೆ ಎಂಬ ನೆಪ, ಎಲ್ಲವನ್ನೂ ಅಕ್ಕ, ತೆರೇಜ ಇಬ್ಬರ ಎದುರೂ ಹುಳು ಆರಿಸುತ್ತಲೇ ಹೇಳಿದೆ.

ಅಕ್ಕನ ಕೈ ನಿಂತಿತು. ಬೊಗಸೆಯಲ್ಲಿದ್ದ ಹುಳುಗಳನ್ನು ಒಂದೂ ಬೀಳಿಸದೆ ಚಂದ್ರಂಕಿಗೆ ಬಿಟ್ಟಳು. ಕೈ ತೊಳೆದುಕೊಂಡಳು. ಕೋಣೆಗೆ ಹೋಗಿ ಚಪ್ಪಲಿ ಜೊತೆಯನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಅಷ್ಟೆಲ್ಲ ಆದ ಮೇಲೆ ನನ್ನ ಬಾಯಿಂದ ಬಂದ ಮಾತು ಇದು:

"ಅಕ್ಕಾ, ಹುಳ?"

"ಹುಳ ನಿಂದು ಕಣೋ," ಎಂದು ಬಾಗಿಲು ದಾಟಿದಳು.

ಅರ್ಧ ಬೆಳೆ ಕಸದಲ್ಲೇ ಹೋಯಿತು.

ಮೂರನೇ ದಿನ ಇಬ್ಬರೂ ಬಂದರು. ಭಾವ ಬೇಲಿಯಾಚೆ ನಿಂತರು. ಒಳಗೆ ಬನ್ನಿ ಎಂದು ಅಕ್ಕ ಹೇಳುವವರೆಗೂ ನಿಂತೇ ಇದ್ದರು. ತೆರೇಜ ಕೂಸನ್ನು ಚಾಪೆಯ ಮೇಲೆ ಬಿಟ್ಟು, ಚೊಂಬಿನಲ್ಲಿ ನೀರು ತಂದು ಅವರ ಕೈಗೇ ಕೊಟ್ಟಳು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು, ನಿನ್ನ ಭಯಕ್ಕೆ ನನ್ನ ಹೆಸರು ಯಾಕೆ ಇಟ್ಟೆ ಎಂದು ಕೇಳಿದಳು. ಭಾವ ಜಗಲಿಯಿಂದ ಕೂಗಿ, ಗೂಡು ಚೆನ್ನಾಗಿ ಬಂತಾ ಇನ್ನಾಸಿ ಎಂದು ವಿಚಾರಿಸುತ್ತಿದ್ದರು. ಬಂತು ಭಾವ ಎಂದೆ.

ಸಂಜೆ ಬಾವಿಯ ಹತ್ತಿರ ಅಕ್ಕ ಸಿಕ್ಕಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಮುಗಿದುಹೋಗುತ್ತಿತ್ತು.

"ನಾನೇ ಬರಬೇಡ ಅಂದೆ ಅಂತ ಅವರು ತಿಳ್ಕೊಂಡವ್ರೆ. ನಾನು ಬಿಡಿಸಿ ಹೇಳಿಲ್ಲ."

"ಯಾಕಕ್ಕಾ?"

"ನೀನ್ ಹೇಳ್ತೀಯ."

"ನನ್ ಕೈಲಿ ಆಗಲ್ಲ."

"ಇವತ್ತು ಆಗಲ್ಲ. ಹೇಳ್ತೀಯ ಬಿಡು," ಎಂದು ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು ಹೋದಳು.

ಅಲ್ಲಿಗೆ ಅವಳ ಭರವಸೆ ಭಾವನನ್ನು ಬಿಟ್ಟು ನನ್ನ ಕೊರಳಿಗೆ ಬಿತ್ತು. ಒಂದು ತಿಂಗಳಿದ್ದು ಅವರು ದೊಡ್ಡಬಳ್ಳಾಪುರಕ್ಕೆ ಹೋದರು. ಅಕ್ಕ ಅಲ್ಲಿನ ಮಗ್ಗದ ಮನೆಗಳಿಗೆ ನೂಲು ಸುತ್ತಿಕೊಡುತ್ತಾಳೆ, ಭಾವ ಚರ್ಚಿನ ತೋಟ ನೋಡಿಕೊಳ್ಳುತ್ತಾರೆ. ಮುಂದಿನ ವರ್ಷ ನನ್ನ ಹುಳು ಪೂರ್ತಿ ಕೆಟ್ಟಿತು, ಬಿಟ್ಟುಬಿಟ್ಟೆ. ಪಾಸ್ಖ ಬಂದರೆ ಅಕ್ಕ ತಪ್ಪದೆ ಕರೆಯುತ್ತಾಳೆ. ನನ್ನನ್ನೂ ಭಾವನನ್ನೂ ಒಂದೇ ಚಾಪೆಯ ಮೇಲೆ ಎದುರುಬದುರು ಕೂರಿಸಿ, ಬಡಿಸಿ, ಒಳಗೆ ಹೋಗಿಬಿಡುತ್ತಾಳೆ. ನಾನು ಮಳೆ, ರಾಗಿ, ಮಗಳ ಸ್ಕೂಲು ಎಂದು ಮಾತಾಡಿ ಊಟ ಮುಗಿಸುತ್ತೇನೆ. ಅವಳು ಹೊರಗೆ ಬಂದು ನನ್ನ ಮುಖ ನೋಡಿ, ಆಗಿಲ್ಲ ಎಂದು ತಿಳಿದುಕೊಂಡು, ಬರೋ ವರ್ಷ ತೆರೇಜನ್ನೂ ಕರ್ಕೊಂಡ್ ಬಾ ಎನ್ನುತ್ತಾಳೆ. ವರ್ಷವರ್ಷ ಇದೇ. ಇಂಥವಳ ಮೇಲೆ ರೇಗದೆ ಇರುವುದು ಹೇಗೆ?

ಭಾವನಿಗೆ ಅವಳ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದರೆ ನನಗೆ ವಾಸಿಯಿತ್ತು. ತೋಟದಿಂದ ಬಂದರೆ ತಮ್ಮ ಮನೆಯ ಹೊಸಿಲಾಚೆ ನಿಲ್ಲುತ್ತಾರೆ. ಅವಳು ಬನ್ನಿ ಎಂದ ಮೇಲೇ ಒಳಗೆ ಕಾಲಿಡುತ್ತಾರೆ. ಇದು ನನ್ನ ಮಾತಿನ ಫಲ. ದಿನಕ್ಕೆ ಎಷ್ಟು ಸಲ ಅವಳು ಬನ್ನಿ ಎನ್ನಬೇಕೋ.

ಈ ಪಾಸ್ಖಕ್ಕೂ ಚಾಪೆ ಹಾಸಿದಳು. ಮುದ್ದೆ, ಕುರಿ ಸಾರು. ಸಾರು ಹೊಗೆಯಾಡುತ್ತಿತ್ತು. ಬಸ್ಸಿನ ಸೊಪ್ಪಿನ ವಾಸನೆ ಇನ್ನೂ ಅಂಗಿಯಲ್ಲಿದೆ ಎಂದು ನನಗೆ ಹಿಂಸೆ. ಭಾವ ಮೂಸಿ ನೋಡಿ, ಮತ್ತೆ ಹುಳ ಇಟ್ಟಿದ್ದೀಯೇನೋ ಇನ್ನಾಸಿ ಎಂದರು. ಇಲ್ಲ ಭಾವ ಎಂದೆ. ಅಕ್ಕ ನಮ್ಮಿಬ್ಬರನ್ನೂ ನೋಡಿದಳು.

"ಸಾರು ಬಿಸಿ ಮಾಡ್ಕೊಂಡ್ ಬರ್ತೀನಿ," ಎಂದು ಎದ್ದಳು.

ಬಾಯಿ ಸುಡುವಷ್ಟು ಬಿಸಿ ಇದ್ದ ಸಾರು. ನನಗೆ ರೇಗಿತು. ಈ ಹೆಂಗಸು ಇನ್ನೂ ಹತ್ತು ವರ್ಷ ಹೀಗೆ ಎದ್ದು ಹೋಗುತ್ತಾಳೆ, ಬೇಸರ ಪಡುವುದಿಲ್ಲ, ಬಿಡುವುದೂ ಇಲ್ಲ. ಆ ಸಿಟ್ಟಿನಲ್ಲೇ ತಟ್ಟೆ ಪಕ್ಕಕ್ಕೆ ತಳ್ಳಿದೆ.

"ಭಾವ, ಅವತ್ತು ಸೂಲಿಬೆಲೇಲಿ ನಾನು ಹೇಳಿದ್ದು ಸುಳ್ಳು. ಅಕ್ಕ ಏನೂ ಹೇಳಿ ಕಳ್ಸಿರ್ಲಿಲ್ಲ. ನೀವು ಬರೋದೇ ಅವಳಿಗೆ ಗೊತ್ತಿರ್ಲಿಲ್ಲ. ಕಾರ್ಡು ನನ್ ಜೇಬಲ್ಲಿತ್ತು."

ಭಾವನ ಕೈ ಮುದ್ದೆಯ ಮೇಲೆ ಹಾಗೇ ನಿಂತಿತು. ಒಳಗಿನಿಂದ ಪಾತ್ರೆಯ ಸದ್ದೇ ಇರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ, ನೋಡಲೂ ಇಲ್ಲ. ಒದ್ದೆಯಾದ ಕಣ್ಣನ್ನು ತೋಳಿನಿಂದ ಒರೆಸಿಕೊಂಡರು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ ಕರೆದರು.

"ಆರೋಗೀ, ಸಾಕು ಬಾ. ನೀನೂ ಬಂದು ಕೂತ್ಕೋ."

ಅಕ್ಕ ಬಂದಳು. ಕೈಯಲ್ಲಿ ಸಾರಿನ ಪಾತ್ರೆ ಇರಲಿಲ್ಲ. ಅವಳ ತಟ್ಟೆ ಇತ್ತು.